ಕಾಯುವವರ ಮುಂದೆ ಕುಣಿಯುವ ಗೊಂಬೆ

ಅಂಚೆ ಕಚೇರಿಯ ಕಿಂಡಿಯ ಮುಂದೆ ಸರದಿಯಲ್ಲಿ ನಿಂತು ಕಾಯುವುದು ನಮಗಾರಿಗೂ ಹೊಸದಲ್ಲ. ಕಿಂಡಿಯಾಚೆ ಗುಮಾಸ್ತರು ಮುದ್ರೆಯೊತ್ತುವ ಸದ್ದು ಕೇಳಿಸುತ್ತಿದ್ದರೆ ಮನಸ್ಸಿಗೊಂದು ಸಮಾಧಾನ; ಕೆಲಸ ಸಾಗುತ್ತಿದೆಯೆಂಬ ನಂಬಿಕೆ. ಈಗ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯಿಂದ ವಿದ್ಯುತ್ ಬಿಲ್ಲಿನವರೆಗೆ ಬಹುತೇಕ ವ್ಯವಹಾರ ಫೋನಿನ ಪರದೆಗೆ ಬಂದಿದೆ. ಆ ಮುದ್ರೆಯ ಸದ್ದಿನ ಸ್ಥಾನದಲ್ಲಿ ಒಂದು ಪುಟ್ಟ ಚಿತ್ರ ಕುಳಿತಿದೆ: ಸುತ್ತುವ ಚಕ್ರ, ಪುಟಿಯುವ ಚೆಂಡು, ಬಾಲವಾಡಿಸುವ ಬೆಕ್ಕು. ಇದಕ್ಕೆ 'ಲೋಡಿಂಗ್ ಅನಿಮೇಷನ್' ಎಂದು ಹೆಸರು. ಇಂತಹ ಚಲನೆಗಳನ್ನು ಕ್ಷಣಾರ್ಧದಲ್ಲಿ ತಾನಾಗಿಯೇ ಜೋಡಿಸಿಕೊಡುವ ಉಪಕರಣಗಳನ್ನೂ ತಂತ್ರಜ್ಞರು ಈಗ ಬಳಸುತ್ತಿದ್ದಾರೆ. ಅದು ಹೇಗೆ ಸಾಧ್ಯವೆಂಬುದನ್ನು ಈ ಸಲ ನೋಡೋಣ.

ತೊಗಲುಗೊಂಬೆಯಾಟವನ್ನು ಕಂಡವರಿಗೆ ಇದರ ಮೂಲತತ್ತ್ವ ಸುಲಭವಾಗಿ ತಿಳಿಯುತ್ತದೆ. ಕೈಕಾಲುಗಳನ್ನು ಬೇರೆಬೇರೆಯಾಗಿ ಕತ್ತರಿಸಿ, ಸಂದುಗಳಲ್ಲಿ ದಾರದಿಂದ ಬಿಗಿದ ಗೊಂಬೆಗೆ ಪ್ರತಿಯೊಂದು ಭಂಗಿಗೂ ಹೊಸ ಚಿತ್ರ ಬೇಕಿಲ್ಲ. ತೋಳನ್ನೆತ್ತಿದರೆ ಮುಂಗೈ ತಾನೇ ಹಿಂಬಾಲಿಸುತ್ತದೆ. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆ ರಟ್ಟು ಮತ್ತು ಸೀಸದ ತೆಳು ತಗಡುಗಳ ತುಂಡುಗಳನ್ನು ತಂತಿಯಿಂದ ಜೋಡಿಸಿ, 1926ರಲ್ಲಿ ರಾಜಕುಮಾರ ಅಹ್ಮದನ ಸಾಹಸಗಳನ್ನು ಕುರಿತ ಪೂರ್ಣಪ್ರಮಾಣದ ನೆರಳುಚಿತ್ರವನ್ನೇ ತೆರೆಗೆ ತಂದರು. ಗಣಕಯಂತ್ರದಲ್ಲಿ ಚಿತ್ರಕ್ಕೆ ಅಸ್ಥಿಪಂಜರವನ್ನಿತ್ತು ಚಲಿಸುವ ವಿಧಾನವನ್ನು ಕೆನಡದ ಬರ್ಟ್ನಿಕ್ ಮತ್ತು ವೈನ್ ಎಂಬ ಸಂಶೋಧಕರು 1976ರಲ್ಲಿ ಪ್ರಕಟಿಸಿದರು.

ಇಂದಿನ ಅಸ್ಥಿಪಂಜರ ಕಡತದಲ್ಲಿರುವುದು ಮುಖ್ಯವಾಗಿ ಅಂಕಿಗಳು. ಬುಡದ ಮೂಳೆ ಯಾವುದು, ಅದಕ್ಕಂಟಿದ ಸೊಂಟ, ಬೆನ್ನು, ತೋಳು ಯಾವುವು, ಯಾವ ಮೂಳೆಯ ಮೇಲೆ ಯಾವ ಚಿತ್ರದ ತುಂಡು ಕೂರಬೇಕು, ಯಾವ ಕ್ಷಣದಲ್ಲಿ ಎಷ್ಟು ಅಂಶ ತಿರುಗಬೇಕು ಎಂಬ ವಿವರ ಅಷ್ಟೆ. ನಡುವಣ ಭಂಗಿಗಳನ್ನು ಯಂತ್ರವೇ ಲೆಕ್ಕಹಾಕುತ್ತದೆ. ಸೆಕೆಂಡಿಗೆ 24ರಂತೆ ಎರಡು ಸೆಕೆಂಡಿನ ಚಲನೆಗೆ 48 ಚಿತ್ರಗಳು ಬೇಕಾಗುವಲ್ಲಿ, ಇಲ್ಲಿ ಒಂದೇ ಗೊಂಬೆಯ ತುಂಡುಗಳೂ ಕೆಲವು ಸಾಲು ಅಂಕಿಗಳೂ ಸಾಕು. ಜಾಲ ದುರ್ಬಲವಾಗಿರುವ ಊರುಗಳಿಗೆ ಇದೊಂದು ಉಪಕಾರ. ಕಾಯಿರಿ ಎಂದು ಹೇಳುವ ಚಿತ್ರಕ್ಕಾಗಿಯೇ ಕಾಯುವಂತಾದರೆ ಅದಕ್ಕಿಂತ ನಗೆಪಾಟಲು ಬೇರೊಂದಿಲ್ಲ.

'ಸ್ಪೈನ್' ಎಂಬ ಪ್ರಸಿದ್ಧ ತಂತ್ರಾಂಶದ ಕಡತದಲ್ಲಿ ಮೂಳೆಯ ತಿರುವನ್ನು ಅದರ ಸಹಜ ಭಂಗಿಯಿಂದ ಎಷ್ಟು ಅಂಶ ಎಂದು ಬರೆಯಲಾಗುತ್ತದೆ. ಸ್ವಯಂಚಾಲಿತ ಉಪಕರಣದ ಗುಟ್ಟು ಇಲ್ಲಿಯೇ ಇದೆ. "ಐದು ಅಂಶ ಎಡಕ್ಕೆ, ಐದು ಅಂಶ ಬಲಕ್ಕೆ, ಮರಳಿ ಮೊದಲಿನ ಸ್ಥಾನಕ್ಕೆ" ಎಂಬ ಒಂದೇ ಸೂತ್ರವು ಬೆಕ್ಕಿಗೂ ಒಪ್ಪುತ್ತದೆ, ಬಾಳೆಗಿಡಕ್ಕೂ ಒಪ್ಪುತ್ತದೆ. ಉಪಕರಣವು ಕಡತವನ್ನೋದಿ, ಮೂಳೆಗಳ ಪಟ್ಟಿಯನ್ನು ಹಿಡಿದು, ತೂಗು, ಪುಟಿ, ಸುತ್ತು, ಉಸಿರಾಡು ಎಂಬ ಸಿದ್ಧಮಾದರಿಗಳ ಅಂಕಿಗಳನ್ನು ಸೇರಿಸುತ್ತದೆ. ಮೊದಲ ಭಂಗಿಯೂ ಕಡೆಯ ಭಂಗಿಯೂ ಒಂದೇ ಆಗಿರಬೇಕೆಂಬುದು ಮುಖ್ಯ ನಿಯಮ. ತಪ್ಪಿದರೆ ಪ್ರತಿ ಸುತ್ತಿನಲ್ಲಿಯೂ ಗೊಂಬೆ ಬೆಚ್ಚಿಬಿದ್ದಂತೆ ಜಿಗಿಯುತ್ತದೆ.

ಆದರೆ ಸೂತ್ರಕ್ಕೆ ಕಣ್ಣಿಲ್ಲ. ಸೊಂಟವನ್ನು ತೂಗಬೇಕಾದಲ್ಲಿ ಬುಡದ ಮೂಳೆಯನ್ನೇ ತೂಗಿದರೆ ನಿಂತ ಪಾದಗಳೂ ನೆಲದಿಂದ ಜಾರುತ್ತವೆ. ತಾಯಿಮೂಳೆಯನ್ನು ಹಿಗ್ಗಿಸಿದರೆ ಸಾಮಾನ್ಯವಾಗಿ ಮಕ್ಕಳೂ ಹಿಗ್ಗುತ್ತವೆ. ಅದೇ ಹೆಸರಿನ ಹಳೆಯ ಚಲನೆ ಕಡತದಲ್ಲಿ ಮೊದಲೇ ಇದ್ದರೆ ಅದು ಅಳಿಸಿಹೋಗಬಹುದು. ಕಡತವನ್ನು ಸಿದ್ಧಪಡಿಸಿದ ಆವೃತ್ತಿಗೂ ಅದನ್ನು ಪ್ರದರ್ಶಿಸುವ ಆವೃತ್ತಿಗೂ ಹೊಂದಿಕೆಯಿಲ್ಲದಿದ್ದರೆ ಗೊಂಬೆ ತೆರೆಗೇ ಬಾರದು. ಆದುದರಿಂದ ಮೂಲಪ್ರತಿಯನ್ನು ಬೇರೆ ಇರಿಸಿಕೊಂಡು, ನಕಲಿನ ಮೇಲೆ ಉಪಕರಣವನ್ನು ಪ್ರಯೋಗಿಸಿ, ಫಲವನ್ನು ಕಣ್ಣಾರೆ ಪರೀಕ್ಷಿಸುವುದು ವಿವೇಕ. ನೂರು ಕಡತಗಳ ಬೇಸರದ ದುಡಿಮೆಯನ್ನು ಯಂತ್ರ ಹೊರಲಿ. ಕೀಲು ಎಲ್ಲಿರಬೇಕೆಂಬ ತೀರ್ಮಾನ ಮನುಷ್ಯನದೇ ಆಗಿರಲಿ.

ಇನ್ನೂ ದೊಡ್ಡ ಮಾತೊಂದಿದೆ. ಹತ್ತನೆಯ ಒಂದು ಸೆಕೆಂಡಿನೊಳಗೆ ಬಂದ ಉತ್ತರ ತತ್‌ಕ್ಷಣದ್ದೆನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗದು. ಹತ್ತು ಸೆಕೆಂಡು ಕಳೆದರೆ ಗಮನ ಬೇರೆಡೆ ಹೊರಳುತ್ತದೆ ಎಂದು ಜೇಕಬ್ ನೀಲ್ಸನ್ 1993ರಲ್ಲಿ ವಿವರಿಸಿದರು. ಎಷ್ಟು ಭಾಗ ಮುಗಿಯಿತೆಂದು ತೋರಿಸುವ ಸೂಚಕವನ್ನು ಬಳಕೆದಾರರು ಮೆಚ್ಚುತ್ತಾರೆಂದು ಬ್ರಾಡ್ ಮೈಯರ್ಸ್ 1985ರಲ್ಲಿಯೇ ತಿಳಿಸಿದ್ದರು. ಸುಮ್ಮನೆ ಸುತ್ತುವ ಗೊಂಬೆಗೆ ಆ ಗುಣವಿಲ್ಲ. ಸಂಪರ್ಕ ಕಡಿದುಹೋದ ಮೇಲೂ ಅದು ನಗುನಗುತ್ತ ಕುಣಿಯುತ್ತಲೇ ಇರಬಲ್ಲದು. ನಮ್ಮ ನೆರೆಮನೆಯ ಹಿರಿಯರೊಬ್ಬರು ಹಾಗೆಯೇ ಬಹಳ ಹೊತ್ತು ಕಾದು, ಹಣ ಸಂದಾಯವಾಗಲಿಲ್ಲವೆಂದೆಣಿಸಿ ಮತ್ತೊಮ್ಮೆ ಗುಂಡಿಯೊತ್ತಿದರು. ಹಣ ಎರಡು ಸಲ ಹೋಯಿತು. ಮರಳಿ ಬರುವವರೆಗೆ ಅವರಿಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಆದುದರಿಂದ ಇಂತಹ ಉಪಕರಣಗಳನ್ನು ರಚಿಸುವ ತರುಣರು ಗೊಂಬೆಯ ಕುಣಿತಕ್ಕೊಂದು ಕೊನೆಯನ್ನೂ ಕಲ್ಪಿಸಬೇಕು. ಇಂತಿಷ್ಟು ಹೊತ್ತು ಕಳೆದರೆ ಕುಣಿತ ನಿಂತು, "ಸಂಪರ್ಕ ದೊರೆಯಲಿಲ್ಲ, ಹಣ ಹೋಗಿದೆಯೇ ಎಂದು ಮೊದಲು ನೋಡಿಕೊಳ್ಳಿರಿ" ಎಂಬ ಮಾತು, ಓದುವವರಿಗೆ ತಿಳಿಯುವ ಭಾಷೆಯಲ್ಲಿ, ಮೂಡಬೇಕು. ಚಲನೆ ಕಂಡರೆ ತಲೆಸುತ್ತುವವರಿಗಾಗಿ ನಿಶ್ಚಲಚಿತ್ರದ ಏರ್ಪಾಡೂ ಇರಬೇಕು. ಓದುಗರೂ ಒಂದು ಎಚ್ಚರ ವಹಿಸುವುದೊಳ್ಳೆಯದು: ಗೊಂಬೆ ಕುಣಿಯುತ್ತಿದೆಯೆಂದ ಮಾತ್ರಕ್ಕೆ ಕೆಲಸ ನಡೆಯುತ್ತಿದೆಯೆಂದು ತಿಳಿಯಬಾರದು; ಎರಡನೆಯ ಸಲ ಗುಂಡಿಯೊತ್ತುವ ಮೊದಲು ಬ್ಯಾಂಕಿನ ಲೆಕ್ಕವನ್ನು ನೋಡಬೇಕು.

ತೊಗಲುಗೊಂಬೆಯ ಆಟದಲ್ಲಿ ಪರದೆಯ ಹಿಂದೆ ಸೂತ್ರಧಾರನಿರುತ್ತಾನೆಂಬ ಭರವಸೆಯಿಂದ ನಾವು ಬೆಳಗಿನವರೆಗೂ ಕುಳಿತಿರುತ್ತಿದ್ದೆವು. ಫೋನಿನ ಪರದೆಯ ಮುಂದೆ ಕಾಯುವವರಿಗೂ ಅಷ್ಟು ಭರವಸೆ ದೊರೆಯಬೇಕು.