ನ್ಯಾಯಪೀಠಕ್ಕೆ ಆರಿಸುವವರು ಯಾರು?

ಸಂತೆಕಲ್ಲೂರಿನ ಸಂತೆಯಲ್ಲಿ ಹಮಾಲಿ ಬಂಧುವೊಬ್ಬರು ನಮ್ಮನ್ನು ಕೇಳಿದರು: “ಮಾಸ್ತರ, ಪಂಚಾಯ್ತಿ ಮೆಂಬರಗ ನಾವು ಓಟ್ ಹಾಕ್ತೀವಿ, ಎಮ್ಮೆಲ್ಲೆಗೂ ಹಾಕ್ತೀವಿ. ಹೈಕೋರ್ಟ್ ಜಡ್ಜಗ ಯಾರು ಹಾಕ್ತಾರ್ರಿ?” ಪಕ್ಕದ ಕಿರಾಣಿ ಅಂಗಡಿಯವರು ನಕ್ಕರು. ನಾವು ನಗಲಿಲ್ಲ. ಮಿಲ್ಲಿನ ಕೂಲಿಯ ದಾವೆಯಾಗಲಿ, ಅಂಗಡಿಯ ಬಾಡಿಗೆಯ ತಕರಾರಾಗಲಿ, ಕೆಳಗಿನ ಕೋರ್ಟು ದಾಟಿದರೆ ಕಲಬುರಗಿ ಪೀಠದ ಮೆಟ್ಟಿಲನ್ನೇ ಹತ್ತಬೇಕು. ಆ ಪೀಠವೂ ನಮಗೆ ದೊರೆತದ್ದು 2008ರಲ್ಲಿ. ಅದಕ್ಕೆ ಮುಂಚೆ ಬೆಂಗಳೂರೇ ಗತಿ.

ಓಟು ಯಾರೂ ಹಾಕುವುದಿಲ್ಲ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೂ ಇಬ್ಬರು ಹಿರಿಯರೂ ಕೂಡಿ ಹೆಸರು ಸೂಚಿಸುತ್ತಾರೆ. ರಾಜ್ಯ ಸರ್ಕಾರ ತನ್ನ ಮಾತು ಸೇರಿಸುತ್ತದೆ. ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ಕುಳಿತು ಹೌದು ಅಲ್ಲ ಎನ್ನುತ್ತಾರೆ. ಕೊನೆಗೆ ರಾಷ್ಟ್ರಪತಿಗಳ ಅಂಕಿತ. ಸಂವಿಧಾನದ 217ನೇ ವಿಧಿಯಲ್ಲಿ ಕೊಲಿಜಿಯಂ ಎಂಬ ಪದವೇ ಇಲ್ಲ. 1993ರ ತೀರ್ಪಿನಿಂದ ನ್ಯಾಯಾಧೀಶರೇ ಆ ಅಧಿಕಾರವನ್ನು ಕೈಗೆ ತೆಗೆದುಕೊಂಡರು. 2014ರಲ್ಲಿ ಪಾರ್ಲಿಮೆಂಟು ಒಂದು ಆಯೋಗಕ್ಕೆ ಕಾನೂನು ಮಾಡಿತು. 2015ರಲ್ಲಿ ಅದನ್ನೂ ಅವರೇ ಹೊಡೆದುಹಾಕಿದರು.

ಹಾಗಾದರೆ ಅಮೆರಿಕದಂತೆ ಚುನಾವಣೆಯಾಗಲಿ ಎನ್ನುವ ಮಿತ್ರರಿದ್ದಾರೆ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಮೇಲ್ಕೋರ್ಟಿನ ನ್ಯಾಯಾಧೀಶರು ಒಂದಲ್ಲ ಒಂದು ಬಗೆಯಲ್ಲಿ ಜನರ ಓಟಿಗೆ ನಿಲ್ಲುತ್ತಾರೆ, ನಿಜ. ವೆಸ್ಟ್ ವರ್ಜೀನಿಯಾದ ಸಂಗತಿ ಕೇಳಿರಿ. ಮ್ಯಾಸ್ಸಿ ಎಂಬ ದೊಡ್ಡ ಕಲ್ಲಿದ್ದಲು ಕಂಪನಿ ತಮ್ಮನ್ನು ಮುಳುಗಿಸಿತೆಂದು ಸಣ್ಣ ಗಣಿಯವರೊಬ್ಬರು ದಾವೆ ಹೂಡಿ, 2002ರಲ್ಲಿ 5 ಕೋಟಿ ಡಾಲರ್ ಪರಿಹಾರ ಗೆದ್ದರು. ಅಪೀಲು ಇನ್ನೂ ಮೇಲಕ್ಕೆ ಹೋಗಿರಲಿಲ್ಲ. 2004ರ ಚುನಾವಣೆಯಲ್ಲಿ ಕಂಪನಿಯ ಮುಖ್ಯಸ್ಥ ಬ್ಲಾಂಕೆನ್‌ಶಿಪ್ ಸುಮಾರು 30 ಲಕ್ಷ ಡಾಲರ್ ಸುರಿದ. ಅವನಿಗೆ ಬೇಕಾದ ಬೆಂಜಮಿನ್ ಗೆದ್ದರು. ಅಪೀಲಿನಲ್ಲಿ ಕಂಪನಿ 3-2ರಿಂದ ಗೆದ್ದಿತು. ಆ ಮೂರರಲ್ಲಿ ಒಂದು ಬೆಂಜಮಿನ್ನರದು. ಅವರು ಹಿಂದೆ ಸರಿಯಬೇಕಿತ್ತೆಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳುವ ಹೊತ್ತಿಗೆ 2009 ಬಂದಿತ್ತು. 2025ರಲ್ಲಿ ವಿಸ್ಕಾನ್ಸಿನ್‌ನ ಒಂದೇ ಕುರ್ಚಿಗೆ 9 ಕೋಟಿ ಡಾಲರಿಗೂ ಮಿಕ್ಕಿ ಖರ್ಚಾಯಿತು. ಮಸ್ಕ್ ಎಂಬ ಕುಬೇರ ಬೆಂಬಲಿಸಿದವರು ಸೋತರು. ಗೆದ್ದವರ ಹಿಂದೆಯೂ ಥೈಲಿಗಳಿದ್ದವು. ಸಿಂಧನೂರಿನ ಕಡೆ ಇಂಥ ಚುನಾವಣೆ ನಡೆದರೆ ಜೀಪು, ಬ್ಯಾನರು, ಊಟದ ಖರ್ಚು ಹಮಾಲಿ ಕೊಡುವನೇ, ಮಿಲ್ಲಿನ ಮಾಲೀಕ ಕೊಡುವನೇ?

ಸರ್ಕಾರದ ಕೈಗೆ ಕೊಡೋಣವೆಂದರೆ ಅದರ ರುಚಿಯನ್ನೂ ಕಂಡಿದ್ದೇವೆ. 1973ರ ಏಪ್ರಿಲ್‌ನಲ್ಲಿ ಇಂದಿರಾ ಸರ್ಕಾರ ಮೂವರು ಹಿರಿಯರನ್ನು ದಾಟಿಸಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ದಾಟಿಸಲ್ಪಟ್ಟವರಲ್ಲಿ ನಮ್ಮ ಕೆ. ಎಸ್. ಹೆಗ್ಡೆಯವರೊಬ್ಬರು, ಅವರು ರಾಜೀನಾಮೆ ಎಸೆದು ಹೊರಬಂದರು. ಪ್ರಗತಿಪರ ನ್ಯಾಯಾಧೀಶರು ಬೇಕೆಂಬುದು ಅಂದಿನ ನೆಪ! ತುರ್ತುಪರಿಸ್ಥಿತಿಯಲ್ಲಿ ಸಮಾಜವಾದಿ ಮಧು ದಂಡವತೆ ಬೆಂಗಳೂರು ಜೈಲಿನಲ್ಲಿದ್ದರು. ಬಂಧಿತರ ಅರ್ಜಿ ಕೇಳಬಹುದೆಂದು ಕರ್ನಾಟಕ ಹೈಕೋರ್ಟು ಹೇಳಿತು. 1976ರ ಏಪ್ರಿಲ್‌ನಲ್ಲಿ ರೇ ಅವರ ಪೀಠ, ಖನ್ನಾ ಒಬ್ಬರ ವಿರೋಧದ ನಡುವೆ, ಆ ಬಾಗಿಲನ್ನೇ ಮುಚ್ಚಿತು.

ಸರ್ಕಾರದ ಬಹುಮತವೂ ಇಲ್ಲದ, ನ್ಯಾಯಾಧೀಶರ ಏಕಸ್ವಾಮ್ಯವೂ ಇಲ್ಲದ ಆಯೋಗ ನಮಗೆ ಬೇಕು. ಹೆಸರು ಮೊದಲೇ ಪತ್ರಿಕೆಯಲ್ಲಿ ಬರಲಿ. ವಕೀಲರಾಗಿದ್ದಾಗ ಯಾರ ಪರ ವಾದಿಸಿದರೆಂಬುದು ಜನಕ್ಕೆ ತಿಳಿಯಲಿ. ತಕರಾರಿಗೆ ಒಂದು ತಿಂಗಳಿರಲಿ. ಬೇಡವೆಂದವರು ಕಾರಣ ಬರೆಯಲಿ. 2017ರಿಂದ ನಿರ್ಣಯ ಪ್ರಕಟಿಸುತ್ತಿದ್ದಾರಲ್ಲ ಎನ್ನುವಿರಾ? ಊಟ ಮುಗಿದ ಮೇಲೆ ಎಲೆ ತೋರಿಸಿದಂತೆ ಅದು.

“ಅಲ್ಲಿ ನಮ್ಮಂಥವರ ಮಕ್ಕಳು ಕುಂತಾರೇನ್ರಿ?” ಎಂದರು ಹಮಾಲಿ ಬಂಧು. 2018ರಿಂದೀಚೆ ನೇಮಕವಾದ ಹೈಕೋರ್ಟ್ ನ್ಯಾಯಾಧೀಶರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಸಾಮಾನ್ಯ ವರ್ಗದವರೆಂದು ಪಾರ್ಲಿಮೆಂಟಿನಲ್ಲಿ ಸರ್ಕಾರವೇ ಹೇಳಿದೆ. ಮನವಿಯ ಹಾಳೆಗೆ ಮೊದಲ ಹೆಬ್ಬೆಟ್ಟು ಅವರದೇ. ಮುಂದಿನ ಸಂತೆಯಲ್ಲೂ ಆ ಹಾಳೆ ನಮ್ಮ ಕೈಯಲ್ಲಿರುತ್ತದೆ.