ಆರಿಸುವ ಸುಖ ಎಲ್ಲರಿಗೂ ಇರಲಿ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಪುಣೆಯ ಅಂಗಡಿಗಳಿಗೆ ಹೊಸ ಕಳೆ. ಹಣತೆ, ಆಕಾಶಬುಟ್ಟಿ, ಸಿಹಿಯ ಡಬ್ಬಿಗಳೆಲ್ಲ ಓಡಾಡುವ ಜಾಗಕ್ಕೇ ಬಂದು ಕೂರುತ್ತವೆ. ಕಣ್ಣಿಗೇನೋ ಚೆಂದ. ಆದರೆ ವೀಲ್‌ಚೇರಿನಲ್ಲಿ ಬಂದವರ ದಾರಿ ಅಲ್ಲಿಗೇ ಮುಗಿಯಿತು.

ನಮ್ಮ ಸೊಸೈಟಿಯಲ್ಲಿ ವೀಲ್‌ಚೇರ್ ಬಳಸುವ ಗೆಳತಿಯೊಬ್ಬರಿದ್ದಾರೆ. "ಅಂಗಡಿಗೆ ಹೋಗೋದು ನಾನು, ಸೀರೆ ಆರಿಸೋದು ಮಾತ್ರ ಸೇಲ್ಸ್‌ನವರು" ಎಂದು ನಗುತ್ತಾರೆ. ಬಾಗಿಲಲ್ಲಿ ರ‍್ಯಾಂಪ್ ಇದೆ, ಸೀರೆಗಳು ಮಾತ್ರ ಮೇಲಿನ ಕಪಾಟಿನಲ್ಲಿ. ತಂದು ತೋರಿಸಿದ ನಾಲ್ಕರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ಕೊಳ್ಳುವುದರ ಅರ್ಧ ಸುಖ ಆರಿಸುವುದರಲ್ಲಿದೆ ಅಲ್ಲವೇ?

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಇದಕ್ಕೆಲ್ಲ ಅಳತೆಗಳಿವೆ. ಪರದೆಯ ಮೇಲಿನ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕೆಂಬುದು ಅವುಗಳಲ್ಲೊಂದು. ಅದೇ ಕಣ್ಣಿಂದ ಅಂಗಡಿ ನೋಡಿ: ಹೊಳೆಯುವ ಹಾಳೆಯ ಮೇಲೆ ಬಂಗಾರದ ಬಣ್ಣದಲ್ಲಿ ಬೆಲೆ! ದೃಷ್ಟಿ ಮಂದವಾದವರು ಓದುವುದು ಹೇಗೆ?

ಪರಿಹಾರಕ್ಕೆ ದೊಡ್ಡ ಖರ್ಚೇನೂ ಬೇಡ. ಕಪಾಟುಗಳ ನಡುವೆ ಕನಿಷ್ಠ 900 ಮಿ.ಮೀ. ದಾರಿ, ವೀಲ್‌ಚೇರ್ ತಿರುಗಿಸಲು ಅಲ್ಲಲ್ಲಿ 1500 ಮಿ.ಮೀ. ಜಾಗ ಬಿಟ್ಟರೆ ಸಾಕು. ಪ್ರತಿ ಬಗೆಯ ಒಂದೊಂದು ಮಾದರಿಯನ್ನಾದರೂ ಕುಳಿತವರ ಕೈಗೆಟುಕುವ ಎತ್ತರದಲ್ಲಿಡಬೇಕು. ಬೆಲೆ ಬಿಳಿಯ ಮೇಲೆ ಕಪ್ಪಗೆ, ದಪ್ಪಕ್ಷರದಲ್ಲಿರಲಿ. ಕಣ್ಣು ಕಾಣದವರು ಮುಟ್ಟಿ ನೋಡಲು ಒಂದು ಮಾದರಿ ಗಾಜಿನಿಂದ ಹೊರಗಿರಲಿ. ಕಿವಿ ಕೇಳದವರಿಗೆ ಮೊತ್ತವನ್ನು ಬರೆದೋ ಪರದೆಯಲ್ಲೋ ತೋರಿಸಲಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾಸಗಿ ಸೇವೆಗಳನ್ನೂ ಒಳಗೊಂಡಿದೆ. ಸುಗಮ ಪ್ರವೇಶಕ್ಕೆ ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತು. 2011ರ ಜನಗಣತಿಯ ಲೆಕ್ಕದಲ್ಲೇ ದೇಶದ ವಿಕಲಚೇತನರು 2.68 ಕೋಟಿ. ಇಷ್ಟು ಗಿರಾಕಿಗಳನ್ನು ಯಾವ ವ್ಯಾಪಾರಿ ಬೇಡವೆನ್ನುತ್ತಾನೆ?

ಇದು "ಅವರ" ವಿಷಯ ಮಾತ್ರವೂ ಅಲ್ಲ. ಹಬ್ಬಕ್ಕೆ ಊರಿಂದ ಬರುವ ನಮ್ಮ ಅಪ್ಪ-ಅಮ್ಮಂದಿರ ಮಂಡಿನೋವು, ಕಣ್ಣಿನ ಪೊರೆ ಯಾರಿಗೆ ಗೊತ್ತಿಲ್ಲ? ಬಗ್ಗಿ ತೆಗೆಯಲಾಗದ, ಬೆಲೆ ಓದಲಾಗದ ಅಂಗಡಿಯಲ್ಲಿ ಅವರೂ "ನೀನೇ ನೋಡಿ ತಗೋ" ಎಂದು ಸುಮ್ಮನಾಗುತ್ತಾರೆ.

ಈ ಸಲ ಹಬ್ಬದ ಖರೀದಿಗೆ ಹೋದಾಗ, ದಾರಿಗಡ್ಡವಿರುವ ಬುಟ್ಟಿಯನ್ನು ಸ್ವಲ್ಪ ಸರಿಸಲು ಅಂಗಡಿಯವರಿಗೆ ಹೇಳಿ. ದುಡ್ಡು ಕೊಡುವ ಗಿರಾಕಿಯ ಮಾತನ್ನು ಅವರು ಬೇಗ ಕೇಳುತ್ತಾರೆ.