ಇಂಜೆಕ್ಷನ್ ಗೊತ್ತುಂಟು, ಕ್ಯಾಶ್ ಬುಕ್? ನರ್ಸ್ ಕೈಯಲ್ಲಿರುವ ಊರಿನ ದುಡ್ಡಿನ ಲೆಕ್ಕ

ಕೊಯಿಲ: ಬಿಪಿ ಮಾತ್ರೆ ಊರಿನಲ್ಲೇ ಸಿಕ್ಕಿದರೆ ಅದಕ್ಕಾಗಿ ಉಪ್ಪಿನಂಗಡಿಗೆ ಬಸ್ ಹತ್ತಬೇಕಾಗಿಲ್ಲ. ಆದರೆ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಮಾತ್ರೆ ಇರುವುದು, ಬಿಡುವುದು ಈಗ ಅಲ್ಲಿನ ನರ್ಸ್ ಲೆಕ್ಕವನ್ನು ಎಷ್ಟು ಸರಿಯಾಗಿ ಇಡುತ್ತಾರೆ ಎಂಬುದರ ಮೇಲೂ ನಿಂತಿದೆ.

2018ರ ಕೇಂದ್ರ ಬಜೆಟ್‌ನಲ್ಲಿ 1.5 ಲಕ್ಷ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಘೋಷಣೆಯಾಯಿತು. 2023ರಲ್ಲಿ ಇವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬದಲಾಯಿತು. ಉಪಕೇಂದ್ರ ಮಟ್ಟದಲ್ಲಿ ಇದರ ಜವಾಬ್ದಾರಿ ಸಮುದಾಯ ಆರೋಗ್ಯ ಅಧಿಕಾರಿಯದ್ದು, ಅಂದರೆ ಸಿಎಚ್‌ಒ ಅವರದ್ದು. ನಮ್ಮಲ್ಲಿ ಇವರು ಹೆಚ್ಚಾಗಿ ನರ್ಸಿಂಗ್ ಕಲಿತವರು.

ದುಡ್ಡು ಎಷ್ಟು?

ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿ ಪ್ರಕಾರ ಇಂಥ ಒಂದು ಕೇಂದ್ರಕ್ಕೆ ವರ್ಷಕ್ಕೆ 50 ಸಾವಿರ ರೂ. ಮುಕ್ತ ನಿಧಿ. ಬಯಲು ಸೀಮೆಯಲ್ಲಿ 5 ಸಾವಿರ, ಗುಡ್ಡಗಾಡಿನಲ್ಲಿ 3 ಸಾವಿರ ಜನರಿಗೆ ಒಂದು ಉಪಕೇಂದ್ರ ಎಂಬುದು ನಿಯಮ. 5 ಸಾವಿರ ಜನರ ಲೆಕ್ಕ ಹಿಡಿದರೆ ತಲೆಗೆ ವರ್ಷಕ್ಕೆ 10 ರೂ. ತಿಂಗಳಿಗೆ 4 ಸಾವಿರ ಚಿಲ್ಲರೆ. ಇದರಲ್ಲೇ ನಳ್ಳಿ ರಿಪೇರಿ, ಬಲ್ಬು, ಫಿನಾಯಿಲು, ರೋಗಿಗೆ ಮರೆ ಮಾಡುವ ಪರದೆ ಎಲ್ಲ ಆಗಬೇಕು.

ಖರ್ಚು ತೀರ್ಮಾನಿಸಲಿಕ್ಕೆ ಜನ ಆರೋಗ್ಯ ಸಮಿತಿ ಉಂಟು. ಗ್ರಾಮ ಪಂಚಾಯತ್ ಅಧ್ಯಕ್ಷರು ಸಮಿತಿಗೂ ಅಧ್ಯಕ್ಷರು, ಸಿಎಚ್‌ಒ ಸದಸ್ಯ ಕಾರ್ಯದರ್ಶಿ. ಸಭೆ ಕರೆಯುವುದು, ನಿರ್ಣಯ ಬರೆಯುವುದು, ಬಿಲ್ ಜೋಡಿಸುವುದು ಕಾರ್ಯದರ್ಶಿ ತಲೆಗೆ. ಖರ್ಚಿಗೆ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಹಣಕ್ಕೆ ತೊಡಕು. ಹೆದರಿ ಖರ್ಚೇ ಮಾಡದಿದ್ದರೆ ನಷ್ಟ ಊರಿಗೆ.

ಸ್ಟಾಕ್ ಕೂಡ ದುಡ್ಡೇ

ಉಪಕೇಂದ್ರ ಮಟ್ಟದ ಪಟ್ಟಿಯಲ್ಲಿ 105 ಬಗೆಯ ಔಷಧ ಉಂಟು. ಮಳೆ ಸುರುವಾದ ಮೇಲೆ ಇಂಡೆಂಟ್ ಹಾಕಿದರೆ ಜ್ವರದ ಹೊತ್ತಿಗೆ ಮಾತ್ರೆ ಖಾಲಿ. ಅಂದಾಜಿಲ್ಲದೆ ಹೆಚ್ಚು ತರಿಸಿದರೆ ಎಕ್ಸ್‌ಪೈರಿ. ಯಾವ ಮಾಲು ಯಾವಾಗ ಓಡುತ್ತದೆ ಎಂಬ ಅಂದಾಜು ದಿನಸಿ ಅಂಗಡಿಯವರಿಗೆ ಅಭ್ಯಾಸದಿಂದ ಬರುತ್ತದೆ. ನರ್ಸ್‌ಗೂ ಅದೇ ವಿದ್ಯೆ ಬೇಕು.

ಬಿಎಸ್ಸಿ ನರ್ಸಿಂಗ್‌ನ 2021ರ ಪಠ್ಯಕ್ರಮದಲ್ಲಿ ಮ್ಯಾನೇಜ್‌ಮೆಂಟ್ ಮತ್ತು ಲೀಡರ್‌ಶಿಪ್ ಎಂಬ ವಿಷಯ ಇದೆ, ಅದರಲ್ಲಿ ಬಜೆಟ್ ಪಾಠವೂ ಇದೆ. ಆದರೆ ಪರೀಕ್ಷೆಗೆ ಬರೆಯುವ ಬಜೆಟ್ ಬೇರೆ, ಪಂಚಾಯತ್ ಸಭೆಯಲ್ಲಿ ಒಪ್ಪಿಸುವ ಬಜೆಟ್ ಬೇರೆ. ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕ ಬರೆಯುವ ಎಂಬಿಕೆಯವರಿಗೆ ಪುಸ್ತಕ ಬರೆಯುವ ತರಬೇತಿ ಕೊಡುತ್ತಾರೆ. ಸಿಎಚ್‌ಒಗಳಿಗೂ ಕ್ಯಾಶ್ ಬುಕ್, ಸ್ಟಾಕ್ ಬುಕ್, ಕೊಟೇಶನ್ ಎದುರಿಗಿಟ್ಟುಕೊಂಡು ತಾಲೂಕು ಮಟ್ಟದಲ್ಲಿ ವರ್ಷಕ್ಕೊಮ್ಮೆಯಾದರೂ ಕಲಿಸಿದರೆ ದೊಡ್ಡ ಖರ್ಚೇನಿಲ್ಲ. ಏಪ್ರಿಲ್‌ನಲ್ಲಿ ಕಲಿಸಿದರೆ ಇಡೀ ವರ್ಷಕ್ಕೆ ಪ್ರಯೋಜನ. ಮಾರ್ಚ್‌ನಲ್ಲಿ ಕಲಿಸಿದರೆ ಎಂತ ಸುಖ?

ಅಂಗಡಿಯವರ ಪಾಲು

ಪೈಪು, ಬಲ್ಬು ಕೊಡುವ ಅಂಗಡಿಯವರೂ ಇದರಲ್ಲಿ ಸೇರಿದ್ದಾರೆ. ತುಂಡು ಚೀಟಿಯಲ್ಲಿ ಬರೆದುಕೊಟ್ಟರೆ ಲೆಕ್ಕಕ್ಕೆ ಆಗುವುದಿಲ್ಲ. ಕೇಂದ್ರದ ಹೆಸರು, ದಿನಾಂಕ, ಬಿಲ್ ನಂಬರ್, ಜಿಎಸ್‌ಟಿ ಇದ್ದರೆ ಅದರ ನಂಬರ್ ಹಾಕಿ ಬಿಲ್ ಕೊಟ್ಟರೆ ಅವರ ಹಣವೂ ಬೇಗ ಪಾಸಾಗುತ್ತದೆ.

ಊರವರು ಕೇಳಬೇಕಾದ ಪ್ರಶ್ನೆಯೂ ಒಂದುಂಟು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಲೆಕ್ಕ ಕೇಳುವ ಹಾಗೆ ಈ 50 ಸಾವಿರದ ಲೆಕ್ಕವನ್ನೂ ಕೇಳಬಹುದು. ಕೇಳುವುದು ನರ್ಸ್ ಮೇಲೆ ಸಂಶಯದಿಂದ ಅಲ್ಲ. ಲೆಕ್ಕ ಕಲಿಸದೆ ಹೊಣೆ ಮಾತ್ರ ಹೊರಿಸಿದವರು ಯಾರು ಎಂಬುದು ಆಗಲೇ ಹೊರಗೆ ಬರುವುದು.